ಉರುಳೆಗೆ ಮೂರು ಕಡಿವಾಣ

ಗಾಳಿಪಟ ಹಾರಿಸುವ ಹುಡುಗರಿಗೆಲ್ಲ ಗೊತ್ತಿರುವ ಒಂದು ಸಂಗತಿಯನ್ನು ದೊಡ್ಡವರು ಮರೆತುಬಿಟ್ಟಿರುತ್ತಾರೆ. ಆಷಾಢದ ಗಾಳಿ ಪಟವನ್ನು ಎಳೆದಾಗ ಕೈಯಲ್ಲಿನ ಉರುಳೆ ಗಿರ್ರನೆ ತಿರುಗುತ್ತ ದಾರ ಬಿಡುತ್ತದೆ. ಗಾಳಿ ತಟ್ಟನೆ ನಿಂತರೆ ಪಟವೇನೋ ನಿಲ್ಲುತ್ತದೆ, ಉರುಳೆ ಮಾತ್ರ ನಿಲ್ಲುವುದಿಲ್ಲ. ತಿರುಗುತ್ತಲೇ ಹೋಗಿ, ಯಾರೂ ಕೇಳದ ದಾರವನ್ನು ಕಾಲ ಬುಡದಲ್ಲಿ ರಾಶಿ ಹಾಕುತ್ತದೆ. ಅರ್ಧ ಗಂಟೆ ಕೂತು ಬಿಡಿಸಿದರೂ ಸಿಕ್ಕು ಬಿಡುವುದಿಲ್ಲ. ಚಲಿಸುವ ವಸ್ತು ಚಲಿಸುತ್ತಲೇ ಇರಲು ಬಯಸುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪ್ರಯೋಗಶಾಲೆಯಲ್ಲೂ ಸಿಗಲಾರದು.

ಇದೇ ತೊಂದರೆ ಗಾಳ ಹಾಕಿ ಮೀನು ಹಿಡಿಯುವವರನ್ನು ಇನ್ನೂರು ವರ್ಷಗಳಿಂದ ಕಾಡಿದೆ. ಅದನ್ನು ಗೆಲ್ಲಲು ಅವರು ಕಂಡುಕೊಂಡ ಉಪಾಯಗಳಲ್ಲಿ ಹೈಸ್ಕೂಲಿನ ಭೌತಶಾಸ್ತ್ರದ ಅರ್ಧ ಪುಸ್ತಕವೇ ಅಡಗಿದೆ. ಇಂದು ಅಂಗಡಿಗೆ ಹೋಗಿ ‘ಬೇಟ್‌ಕಾಸ್ಟಿಂಗ್ ರೀಲು’ ಕೊಡಿ ಎಂದರೆ ಅಂಗಡಿಯವನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಯಾವ ಬ್ರೇಕಿನದು ಬೇಕು ಎಂಬುದು. ಅಯಸ್ಕಾಂತದ್ದೋ, ಕೇಂದ್ರಾಪಗಾಮಿ ಬಲದ್ದೋ, ಎರಡೂ ಇರುವುದೋ, ಪುಟ್ಟ ಕಂಪ್ಯೂಟರಿನದೋ? ಹೆಸರು ಕೇಳಿಯೇ ಹೊಸಬ ತಬ್ಬಿಬ್ಬಾಗುತ್ತಾನೆ. ಕೊನೆಗೆ ಬೆಲೆ ಹೆಚ್ಚಿದ್ದೇ ಒಳ್ಳೆಯದಿರಬೇಕೆಂದು ಅದನ್ನೇ ಕೊಂಡು ಹೋಗುತ್ತಾನೆ. ಬ್ರೇಕುಗಳ ಕೆಲಸದ ರೀತಿ ತಿಳಿದಿದ್ದರೆ ಈ ಗೊಂದಲವೂ ಇರುವುದಿಲ್ಲ, ಹಣವೂ ಉಳಿಯುತ್ತದೆ.

ಎರಡು ಬಗೆಯ ರೀಲು

ಮೊದಲು ರೀಲಿನ ವಿಷಯ. ಗಾಳದ ಕೋಲಿಗೆ ಕಟ್ಟುವ ರೀಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ದಾರ ಸುತ್ತಿದ ಉರುಳೆ ಎಸೆಯುವಾಗ ತಿರುಗುವುದೇ ಇಲ್ಲ. ಉರುಳೆಯ ತುದಿಯಿಂದ ದಾರ ಸುರುಳಿಸುರುಳಿಯಾಗಿ ಜಾರಿ ಹೋಗುತ್ತದೆ, ಗಿರಣಿಯ ನೂಲಿನ ಕಂಡಿಕೆಯಿಂದ ಎಳೆ ಬಿಚ್ಚಿಕೊಳ್ಳುವ ಹಾಗೆ. ಇದಕ್ಕೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಬಟ್ಟೆ ಗಿರಣಿಗಳ ಲೋಕದಿಂದಲೇ ಬಂದವನು. ವರ್ಷ 1905. ತಿರುಗದ ಉರುಳೆಗೆ ಬ್ರೇಕಿನ ಚಿಂತೆಯಿಲ್ಲ. ಹೊಸಬರಿಗೆ ಇದೇ ಸುಲಭ.

ಇನ್ನೊಂದು ಜಾತಿಯೇ ಬೇಟ್‌ಕಾಸ್ಟಿಂಗ್ ರೀಲು. ಇದರ ಉರುಳೆ ಕೋಲಿಗೆ ಅಡ್ಡಲಾಗಿ, ಬಾವಿಯ ರಾಟೆಯಂತೆ ಕೂತಿರುತ್ತದೆ. ಎರೆಯನ್ನು ಎಸೆದಾಗ ಅದು ದಾರವನ್ನು ಎಳೆಯುತ್ತದೆ, ದಾರ ಉರುಳೆಯನ್ನು ತಿರುಗಿಸುತ್ತದೆ. ಇಲ್ಲಿ ಎರೆ ಎಂದರೆ ಎರೆಹುಳುವೇ ಆಗಬೇಕಿಲ್ಲ. ಮರ, ಪ್ಲಾಸ್ಟಿಕ್ ಇಲ್ಲವೇ ಲೋಹದಿಂದ ಮಾಡಿದ, ಮೀನಿನ ಮರಿಯಂತೆ ಕಾಣುವ ಹುಸಿ ಎರೆಯೂ ಆಗಬಹುದು. ಅಮೆರಿಕ ಮತ್ತು ಜಪಾನಿನಲ್ಲಿ ಬಾಸ್ ಎಂಬ ಮೀನಿಗೆ ಗಾಳ ಹಾಕುವವರು ಬಹುಪಾಲು ಈ ರೀಲನ್ನೇ ನೆಚ್ಚಿದ್ದಾರೆ. ದಪ್ಪ ದಾರವನ್ನು ಇದು ಸಲೀಸಾಗಿ ಹಿಡಿಯುತ್ತದೆ, ಜೊಂಡಿನೊಳಗೆ ನುಗ್ಗಿದ ಮೀನನ್ನು ಎಳೆದು ತರುವ ಕಸುವು ಇದಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಬ್ಬೆರಳಿಂದ ಉರುಳೆಯನ್ನು ಒತ್ತಿ ಹಿಡಿದು ಎರೆಯನ್ನು ಬೇಕಾದ ಜಾಗಕ್ಕೇ ಬೀಳಿಸಬಹುದು.

ಲಾಭದ ಜೊತೆಗೆ ನಷ್ಟವೂ ಅಲ್ಲೇ ಇದೆ. ಒಂದು ಸಣ್ಣ ಲೆಕ್ಕ ಮಾಡಿದರೆ ತಿಳಿಯುತ್ತದೆ. ಎರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿ, ಅಂದರೆ ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಹಾರಿತೆನ್ನೋಣ. ಉರುಳೆಯ ಅಡ್ಡಳತೆ 34 ಮಿಲಿಮೀಟರು ಇದ್ದರೆ ಅದರ ಸುತ್ತಳತೆ ಸುಮಾರು 107 ಮಿಲಿಮೀಟರು. ಹಾಗಾದರೆ ಉರುಳೆ ಸೆಕೆಂಡಿಗೆ ಸುಮಾರು 187 ಸುತ್ತು, ನಿಮಿಷಕ್ಕೆ 11 ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಮನೆಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ತಿರುಗುವುದು ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು ಮಾತ್ರ! ನಿಂತಿದ್ದ ಉರುಳೆ ಕಣ್ಣು ಮಿಟುಕಿಸುವಷ್ಟರಲ್ಲಿ ಈ ವೇಗಕ್ಕೆ ಏರುತ್ತದೆ.

ಗಾಳಿಯಲ್ಲಿ ಹಾರುತ್ತಿರುವ ಎರೆ ಕೈಬಿಟ್ಟ ಕ್ಷಣದಿಂದಲೇ ನಿಧಾನವಾಗತೊಡಗುತ್ತದೆ, ಏಕೆಂದರೆ ಗಾಳಿ ಅದನ್ನು ತಡೆಯುತ್ತದೆ. ಉರುಳೆಗೆ ಆ ತಡೆ ಇಲ್ಲ. ಈಗಿನ ಬಾಲ್ ಬೇರಿಂಗುಗಳ ಮೇಲೆ ಅದು ನುಣುಪಾಗಿ ತಿರುಗುತ್ತಲೇ ಇರುತ್ತದೆ. ಎರೆ ಕೇಳುವುದಕ್ಕಿಂತ ಹೆಚ್ಚು ದಾರವನ್ನು ಉರುಳೆ ಬಿಚ್ಚತೊಡಗಿದ ಕ್ಷಣದಲ್ಲೇ ದಾರ ಉಬ್ಬಿ, ಹಿಂದಕ್ಕೆ ಮಡಚಿ, ಅದೇ ಉರುಳೆಗೆ ಅಡ್ಡಾದಿಡ್ಡಿ ಸುತ್ತಿಕೊಳ್ಳುತ್ತದೆ. ಅಮೆರಿಕದ ಗಾಳಗಾರರು ಇದಕ್ಕೆ ಇಟ್ಟ ಹೆಸರು ‘ಹಕ್ಕಿಗೂಡು’. ನೋಡಲೂ ಹಾಗೆಯೇ ಇರುತ್ತದೆ. ಈ ಗೂಡು ಕಟ್ಟಲು ಹೆಚ್ಚಾಗಿ ಎರಡು ಸಂದರ್ಭ: ಒಂದು ಎಸೆತದ ಆರಂಭ, ಇನ್ನೊಂದು ಎರೆ ನೀರಿಗೆ ಬಿದ್ದ ಗಳಿಗೆ. ಎದುರುಗಾಳಿ ಇದ್ದರೆ ನಡುದಾರಿಯಲ್ಲೂ ಅಪಾಯವಿದೆ.

ಗಡಿಯಾರದವರ ಕೈಚಳಕ

ಹೀಗೆ ತಿರುಗುವ ರೀಲಿನ ಚರಿತ್ರೆಯಲ್ಲಿ ಗಡಿಯಾರ ಮಾಡುವವರು ಮತ್ತೆ ಮತ್ತೆ ಬರುವುದು ಕುತೂಹಲದ ಸಂಗತಿ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿದ್ದ ಜಾರ್ಜ್ ಸ್ನೈಡರ್ ವೃತ್ತಿಯಿಂದ ಗಡಿಯಾರದ ಕೆಲಸಗಾರ. ಹಲ್ಲುಚಕ್ರಗಳನ್ನು ಜೋಡಿಸಿ, ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವ ರೀಲನ್ನು ಅವನು ಮಾಡಿದ. ಆ ಕೆಂಟಕಿ ರೀಲೇ ಇಂದಿನ ಬೇಟ್‌ಕಾಸ್ಟಿಂಗ್ ರೀಲಿನ ಅಜ್ಜ. ಅದಕ್ಕೆ ಇಂದಿನಂತಹ ಬ್ರೇಕು ಇರಲಿಲ್ಲ. ಎಸೆಯುವವನ ಹೆಬ್ಬೆರಳೇ ಬ್ರೇಕು.

ಸ್ವೀಡನ್ನಿನ ಸ್ವೆಂಗ್‌ಸ್ಟಾ ಎಂಬ ಊರಿನ ಆಬು ಕಂಪನಿಯ ಕಥೆಯೂ ಅಂಥದೇ. 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿದ ಅದು ಮುಂದೆ ಟ್ಯಾಕ್ಸಿ ಮೀಟರುಗಳನ್ನು ಮಾಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವುಗಳಿಗೆ ಗಿರಾಕಿ ಇಲ್ಲದಾದಾಗ ಮೀನಿನ ರೀಲುಗಳತ್ತ ಹೊರಳಿತು. 1952ರಲ್ಲಿ ಅದು ಹೊರತಂದ ‘ಅಂಬಾಸಡರ್ 5000’ ಎಂಬ ಕೆಂಪು ಬಣ್ಣದ ರೀಲು ಲೋಕಪ್ರಸಿದ್ಧವಾಯಿತು. ಅದರ ಒಳಗೆ ಕೇಂದ್ರಾಪಗಾಮಿ ಬಲದ ಪುಟ್ಟ ಬ್ರೇಕಿತ್ತು. ಅದೇ 1921ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಸೈಕಲ್ಲಿನ ಫ್ರೀವೀಲು ಮಾಡುತ್ತ ಆರಂಭವಾದ ಇನ್ನೊಂದು ಕಾರ್ಖಾನೆ ಶಿಮಾನೊ. ಅದೂ ಮುಂದೆ ರೀಲುಗಳಲ್ಲಿ ದೊಡ್ಡ ಹೆಸರು ಮಾಡಿತು. ತಿರುಗುವುದನ್ನು ಹದವಾಗಿ ತಡೆಯುವ ವಿದ್ಯೆ ಬಲ್ಲವರಿಗೇ ಈ ಕೆಲಸ ಒಲಿದದ್ದು ಸಹಜವೇ.

ಮೊದಲನೆಯ ಕಡಿವಾಣ: ತಿರುಪು

ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹಿಡಿಕೆಯ ಪಕ್ಕದಲ್ಲೇ ಒಂದು ತಿರುಪು ಇರುತ್ತದೆ. ಅದನ್ನು ಬಿಗಿ ಮಾಡಿದರೆ ಉರುಳೆಯ ಅಚ್ಚಿನ ತುದಿ ಒತ್ತಲ್ಪಟ್ಟು ತಿರುಗುವುದು ಬಿಗಿಯಾಗುತ್ತದೆ. ಹೊಲಿಗೆ ಯಂತ್ರದಲ್ಲಿ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪನ್ನು ಇದಕ್ಕೆ ಹೋಲಿಸಬಹುದು. ಇದು ಬರಿಯ ಘರ್ಷಣೆ. ಇದರ ವಿಶೇಷವೆಂದರೆ ಉರುಳೆ ವೇಗವಾಗಿ ತಿರುಗಲಿ, ನಿಧಾನವಾಗಿ ತಿರುಗಲಿ, ತಡೆ ಹೆಚ್ಚುಕಡಿಮೆ ಒಂದೇ.

ಇದನ್ನು ಹದ ಮಾಡುವ ಹಳೆಯ ಕ್ರಮ ಹೀಗಿದೆ. ಎರೆ ಕಟ್ಟಿದ ಕೋಲನ್ನು ಅಡ್ಡಲಾಗಿ ಹಿಡಿದು ಉರುಳೆಯ ಗುಂಡಿ ಒತ್ತಿ ಬಿಡಬೇಕು. ಎರೆ ತನ್ನ ಭಾರಕ್ಕೆ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕೂಡಲೇ ಉರುಳೆ ನಿಲ್ಲಬೇಕು. ನೆಲ ಮುಟ್ಟಿದ ಮೇಲೂ ತಿರುಗಿದರೆ ತಿರುಪು ಸಡಿಲ, ಎರೆ ಇಳಿಯದೆ ನೇತಾಡಿದರೆ ಅತಿ ಬಿಗಿ. ಎರೆ ಬದಲಾದಾಗಲೆಲ್ಲ ಹೀಗೆ ನೋಡಿಕೊಳ್ಳುವುದು ಹೊಸಬರಿಗೆ ಒಳ್ಳೆಯದು. ಕೈಪಳಗಿದವರು ಇದನ್ನು ಬಹಳ ಸಡಿಲ ಮಾಡಿ, ಉರುಳೆ ಎಡಬಲಕ್ಕೆ ಅಲುಗಾಡದಷ್ಟು ಮಾತ್ರ ಬಿಗಿ ಉಳಿಸಿಕೊಳ್ಳುತ್ತಾರೆ.

ಎರಡನೆಯದು: ಅಯಸ್ಕಾಂತ

ಹಳೆಯ ಕಾಲದ ವಿದ್ಯುತ್ ಮೀಟರನ್ನು ನೆನಪಿಸಿಕೊಂಡರೆ ಅಯಸ್ಕಾಂತದ ಬ್ರೇಕು ಅರ್ಧ ಅರ್ಥವಾದಂತೆ. ಗಾಜಿನ ಹಿಂದೆ ಕೆಂಪು ಗುರುತಿನ ಅಲ್ಯುಮಿನಿಯಂ ತಟ್ಟೆ ತಿರುಗುತ್ತಿತ್ತು. ಡಿಜಿಟಲ್ ಮೀಟರು ಬರುವ ಮುಂಚೆ ಮನೆಮನೆಯಲ್ಲೂ ಅದೇ ಇತ್ತು. ಆ ತಟ್ಟೆಯ ಒಂದು ಅಂಚು ಕುದುರೆ ಲಾಳದಂತಹ ಅಯಸ್ಕಾಂತದ ಬಾಯಿಯೊಳಗೆ ಹಾದುಹೋಗುತ್ತಿತ್ತು. ಅದು ಆ ತಟ್ಟೆಯ ಬ್ರೇಕು. ಅದಿಲ್ಲದಿದ್ದರೆ ತಟ್ಟೆ ಹುಚ್ಚೆದ್ದು ತಿರುಗಿ ಬಿಲ್ಲು ಏರಿಬಿಡುತ್ತಿತ್ತು.

ಅಲ್ಯುಮಿನಿಯಮ್ಮನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ ಎಂದು ಮಕ್ಕಳು ಕೇಳುವುದುಂಟು. ನಿಜ, ಎಳೆಯುವುದಿಲ್ಲ. ಆದರೆ ಅಲ್ಯುಮಿನಿಯಂ ವಿದ್ಯುತ್ತಿನ ಒಳ್ಳೆಯ ವಾಹಕ. ಅಯಸ್ಕಾಂತದ ಕ್ಷೇತ್ರದಲ್ಲಿ ವಾಹಕವೊಂದು ಚಲಿಸಿದರೆ ಅದರೊಳಗೆ ಸುಳಿಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಆ ಸುಳಿ ತನ್ನದೇ ಅಯಸ್ಕಾಂತ ಕ್ಷೇತ್ರವನ್ನು ಹುಟ್ಟಿಸಿ, ತನ್ನ ಹುಟ್ಟಿಗೆ ಕಾರಣವಾದ ಚಲನೆಯನ್ನೇ ವಿರೋಧಿಸುತ್ತದೆ. ಫ್ರಾನ್ಸಿನ ಅರಾಗೊ 1824ರಲ್ಲಿ ತಾಮ್ರ ಮತ್ತು ದಿಕ್ಸೂಚಿಯ ಮುಳ್ಳಿನ ನಡುವೆ ಇಂಥ ವಿಚಿತ್ರ ನಂಟನ್ನು ಕಂಡಿದ್ದ. ಫ್ಯಾರಡೆ 1831ರಲ್ಲಿ ಅದರ ಮೂಲವನ್ನು ತಿಳಿಸಿದ. ಲೆಂಝ್ 1834ರಲ್ಲಿ ವಿರೋಧದ ನಿಯಮವನ್ನು ಹೇಳಿದ.

ರೀಲಿನಲ್ಲೂ ಅದೇ ಏರ್ಪಾಡು. ಉರುಳೆ ಅಲ್ಯುಮಿನಿಯಮ್ಮಿನದು, ಅದರ ಪಕ್ಕದ ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತಗಳ ಸಾಲು. ಹೊರಗಿನ ಗುಂಡಿ ತಿರುಗಿಸಿದರೆ ಅಯಸ್ಕಾಂತಗಳು ಉರುಳೆಗೆ ಹತ್ತಿರ ಇಲ್ಲವೇ ದೂರ ಸರಿಯುತ್ತವೆ. ಒಂದಕ್ಕೊಂದು ಮುಟ್ಟುವುದೇ ಇಲ್ಲವಾದ್ದರಿಂದ ಸವೆತವಿಲ್ಲ, ನೀರು ಬಿದ್ದರೂ ಎಣ್ಣೆ ಬಿದ್ದರೂ ಹಿಡಿತ ಬದಲಾಗುವುದಿಲ್ಲ. ಇದರ ತಡೆ ವೇಗಕ್ಕೆ ಅನುಗುಣ: ವೇಗ ಎರಡರಷ್ಟಾದರೆ ತಡೆ ಎರಡರಷ್ಟು, ಅರ್ಧವಾದರೆ ಅರ್ಧ. ಈ ಬಗೆಯ ರೀಲುಗಳು 1980ರ ದಶಕದಲ್ಲಿ ಜನಪ್ರಿಯವಾದವು.

ಮೂರನೆಯದು: ಕೇಂದ್ರಾಪಗಾಮಿ ಬಲ

ಗೇರು ಇಲ್ಲದ ಮೊಪೆಡ್ ಓಡಿಸಿದವರಿಗೆ ಇದರ ತತ್ವ ಗೊತ್ತಿಲ್ಲದೆಯೇ ಗೊತ್ತು. ಎಂಜಿನು ನಿಧಾನವಾಗಿದ್ದಾಗ ಗಾಡಿ ನಿಂತಿರುತ್ತದೆ. ಆಕ್ಸಲರೇಟರ್ ತಿರುಗಿಸಿದರೆ ಒಳಗಿನ ತುಂಡುಗಳು ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ, ಸುತ್ತಲಿನ ಡ್ರಮ್ಮನ್ನು ಹಿಡಿದುಕೊಂಡು ಚಕ್ರವನ್ನು ತಿರುಗಿಸುತ್ತವೆ. ಮೊಪೆಡ್ಡಿನಲ್ಲಿ ಇದು ಕ್ಲಚ್ಚು, ರೀಲಿನಲ್ಲಿ ಬ್ರೇಕು. ಉರುಳೆಯ ಪಕ್ಕದಲ್ಲಿ ಸಣ್ಣ ಕಡ್ಡಿಗಳ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ತುಂಡುಗಳಿರುತ್ತವೆ. ಉರುಳೆ ತಿರುಗಿದಾಗ ಅವು ಹೊರಕ್ಕೆ ಸರಿದು ಸುತ್ತಲಿನ ಬಳೆಯನ್ನು ಉಜ್ಜುತ್ತವೆ. ವೇಗ ಇಳಿದಂತೆ ಒತ್ತಡ ಇಳಿಯುತ್ತದೆ.

ಹೊರಕ್ಕೆ ತಳ್ಳುವ ಒತ್ತಡ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ವೇಗ ಅರ್ಧವಾದರೆ ತಡೆ ಕಾಲು ಭಾಗ. ತುಂಡುಗಳಲ್ಲಿ ಕೆಲವನ್ನು ಕೆಲಸಕ್ಕೆ ಹಚ್ಚಿ ಉಳಿದವನ್ನು ಒಳಗೇ ಸಿಕ್ಕಿಸಿಡುವುದರಿಂದ ಬ್ರೇಕನ್ನು ಹೆಚ್ಚುಕಡಿಮೆ ಮಾಡಬಹುದು. ಆದರೆ ಎದುರುಬದುರಿನ ತುಂಡುಗಳನ್ನು ಜೋಡಿಯಾಗಿಯೇ ಹಚ್ಚಬೇಕು. ಒಂದೇ ಕಡೆ ಭಾರವಾದರೆ ಇಷ್ಟು ವೇಗದಲ್ಲಿ ಉರುಳೆ ನಡುಗುತ್ತದೆ. ಹಲವು ರೀಲುಗಳಲ್ಲಿ ಇದಕ್ಕಾಗಿ ಪಕ್ಕದ ಮುಚ್ಚಳ ತೆಗೆಯಬೇಕು. ಕೆಲವು ಹೊಸ ರೀಲುಗಳಲ್ಲಿ ಹೊರಗಿನಿಂದಲೂ ಹದ ಮಾಡುವ ಗುಂಡಿ ಬಂದಿದೆ. ಇಲ್ಲಿ ಉಜ್ಜುವಿಕೆ ಇರುವುದರಿಂದ ಬಳೆಯ ಮೇಲೆ ಎಣ್ಣೆ, ಮರಳು, ನೀರು ಸೇರಿದರೆ ಹಿಡಿತ ಬದಲಾಗುತ್ತದೆ. ಆಗಾಗ ಒರೆಸಿ ಶುಚಿಯಾಗಿಡಬೇಕು.

ಹದಿನಾರರ ಲೆಕ್ಕ

ಮೂರು ಕಡಿವಾಣಗಳ ವ್ಯತ್ಯಾಸ ಈಗ ಒಂದೇ ಲೆಕ್ಕದಲ್ಲಿ ಸಿಗುತ್ತದೆ. ಉರುಳೆ ಪೂರ್ಣ ವೇಗದಲ್ಲಿದ್ದಾಗ ಮೂರೂ ಸಮನಾಗಿ 16 ಪಾಲು ತಡೆ ಒಡ್ಡುವಂತೆ ಹದ ಮಾಡಿದ್ದೇವೆಂದು ಇಟ್ಟುಕೊಳ್ಳೋಣ. ವೇಗ ಅರ್ಧಕ್ಕೆ ಇಳಿದಾಗ ತಿರುಪಿನ ತಡೆ 16 ಆಗಿಯೇ ಉಳಿಯುತ್ತದೆ, ಅಯಸ್ಕಾಂತದ್ದು 8 ಆಗುತ್ತದೆ, ಕೇಂದ್ರಾಪಗಾಮಿಯದು 4. ವೇಗ ಕಾಲು ಭಾಗಕ್ಕೆ ಇಳಿದಾಗ ತಿರುಪು ಮತ್ತೂ 16, ಅಯಸ್ಕಾಂತ 4, ಕೇಂದ್ರಾಪಗಾಮಿ ಕೇವಲ 1. ನಿಜವಾದ ರೀಲಿನಲ್ಲಿ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಆದರೆ ಸ್ವಭಾವ ಇದೇ.

ಕೇಂದ್ರಾಪಗಾಮಿ ಬ್ರೇಕು ಆರಂಭದಲ್ಲಿ ಬಿಗಿಯಾಗಿ ಹಿಡಿದು ಆಮೇಲೆ ದೂರ ಸರಿಯುತ್ತದೆ. ಎಸೆತದ ಮೊದಲ ರಭಸವನ್ನು ತಡೆದು, ಕೊನೆಯಲ್ಲಿ ಉರುಳೆಯನ್ನು ಬಿಟ್ಟುಕೊಡುವುದರಿಂದ ಎರೆ ದೂರ ಹೋಗುತ್ತದೆ. ಆದರೆ ಕೊನೆಯ ಹಂತದಲ್ಲಿ ಕಾಯುವವರು ಯಾರೂ ಇಲ್ಲ, ಅಲ್ಲಿ ಹೆಬ್ಬೆರಳು ಎಚ್ಚರವಾಗಿರಬೇಕು. ಅಯಸ್ಕಾಂತದ ಬ್ರೇಕು ಕೊನೆಯವರೆಗೂ ಸ್ವಲ್ಪ ಸ್ವಲ್ಪ ಹಿಡಿದೇ ಇರುತ್ತದೆ. ಅಷ್ಟರಮಟ್ಟಿಗೆ ದೂರ ಕಡಿಮೆ, ಆದರೆ ತಪ್ಪಿಗೆ ಕ್ಷಮೆ ಹೆಚ್ಚು. ತಿರುಪನ್ನೇ ನೆಚ್ಚಿಕೊಂಡರೆ ಅದು ಬೇಕಾದಾಗಲೂ ಹಿಡಿಯುತ್ತದೆ, ಬೇಡವಾದಾಗಲೂ ಹಿಡಿಯುತ್ತದೆ. ಎರೆ ಹತ್ತಿರದಲ್ಲೇ ಬೀಳುತ್ತದೆ. ಬಸ್ಸಿನ ಹ್ಯಾಂಡ್ ಬ್ರೇಕು ಎಳೆದುಕೊಂಡೇ ಘಾಟಿ ಇಳಿದ ಹಾಗೆ.

ಒಳ್ಳೆಯ ಬ್ರೇಕು ಎಂದರೆ ಬಲವಾದ ಬ್ರೇಕಲ್ಲ. ಎರೆಗಿಂತ ಉರುಳೆ ಮುಂದಾಗುವ ಗಳಿಗೆಯಲ್ಲಿ ಹಿಡಿದು, ಉಳಿದ ಹೊತ್ತಿನಲ್ಲಿ ಸುಮ್ಮನಿರುವ ಬ್ರೇಕೇ ಒಳ್ಳೆಯದು. ಆ ಗಳಿಗೆ ಯಾವುದು ಎಂಬುದನ್ನು ಎರೆಯ ತೂಕ, ಗಾಳಿ ಮತ್ತು ಎಸೆಯುವವನ ಕೈ ನಿರ್ಧರಿಸುತ್ತವೆ.

ಬೆರಕೆ ಮತ್ತು ಗಣಕ

ತಯಾರಕರು ಇದನ್ನು ಅರಿಯದವರೇನಲ್ಲ. ಹಾಗಾಗಿ ಎರಡರ ಗುಣವನ್ನೂ ಬೆರೆಸಿದ ರೀಲುಗಳು ಬಂದಿವೆ. ಕೆಲವಲ್ಲಿ ಅಯಸ್ಕಾಂತವೂ ಇದೆ, ಉಜ್ಜುವ ತುಂಡುಗಳೂ ಇವೆ. ಆರಂಭಕ್ಕೆ ತುಂಡು, ಕೊನೆಗೆ ಅಯಸ್ಕಾಂತ. ಡೈವಾ ಎಂಬ ಜಪಾನಿ ಕಂಪನಿಯ ಕೆಲವು ರೀಲುಗಳಲ್ಲಿ ಇನ್ನೂ ಜಾಣತನದ ಏರ್ಪಾಡಿದೆ. ಉರುಳೆಗೆ ಅಂಟಿಕೊಂಡ ಒಂದು ಲೋಹದ ಬಟ್ಟಲು ಸ್ಪ್ರಿಂಗಿನ ಹಿಡಿತದಲ್ಲಿರುತ್ತದೆ. ವೇಗ ಏರಿದಾಗ ಅದು ಹೊರಸರಿದು ಅಯಸ್ಕಾಂತಗಳ ನಡುವೆ ಹೋಗುತ್ತದೆ, ವೇಗ ಇಳಿದಾಗ ಸ್ಪ್ರಿಂಗು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ತಡೆಯುವುದು ಅಯಸ್ಕಾಂತವೇ ಆದರೂ ಅದರ ನಡತೆ ಕೇಂದ್ರಾಪಗಾಮಿ ಬ್ರೇಕಿನದರಂತೆ. ಆದ್ದರಿಂದ ಡಬ್ಬಿಯ ಮೇಲಿನ ‘ಮ್ಯಾಗ್ನೆಟಿಕ್’ ಎಂಬ ಪದವನ್ನಷ್ಟೇ ನೋಡಿ ತೀರ್ಮಾನಿಸಬಾರದು.

ಈ ಶತಮಾನದ ಆರಂಭದಲ್ಲಿ ಶಿಮಾನೊ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರೀಲಿನೊಳಗೆ ಗಣಕದ ಚಿಪ್ಪನ್ನೇ ಕೂರಿಸಿತು. ಇದಕ್ಕೆ ಬ್ಯಾಟರಿ ಬೇಕಿಲ್ಲ. ಉರುಳೆಯ ಅಯಸ್ಕಾಂತ ತಂತಿಯ ಸುರುಳಿಯ ಬಳಿ ತಿರುಗುತ್ತ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುತ್ತದೆ. ಸೈಕಲ್ಲಿನ ಡೈನಮೊ ಹಚ್ಚಿದಾಗ ಪೆಡಲು ಭಾರವಾಗುವುದನ್ನು ಬಲ್ಲವರಿಗೆ ಇಲ್ಲಿ ಬ್ರೇಕು ಹೇಗೆ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಚಿಪ್ಪು ಸೆಕೆಂಡಿಗೆ ಸಾವಿರ ಬಾರಿ ಉರುಳೆಯ ವೇಗವನ್ನು ನೋಡಿ ತಡೆಯನ್ನು ಹೆಚ್ಚಿಸುತ್ತದೆ ಅಥವಾ ಇಳಿಸುತ್ತದೆ. ಮೇಲಿನ ಲೆಕ್ಕದ 187 ಸುತ್ತಿಗೆ ಹೋಲಿಸಿದರೆ ಒಂದೊಂದು ಸುತ್ತಿಗೂ ಐದು ಬಾರಿ ನೋಡಿದಂತಾಯಿತು! ಎಸೆದಾಗ ಇದು ಸಣ್ಣಗೆ ಕೀರಲು ದನಿಯನ್ನೂ ಮಾಡುತ್ತದೆ. ಬೆಲೆ ಹೆಚ್ಚು. ಕೆಟ್ಟರೆ ಮನೆಯ ಸ್ಕ್ರೂಡ್ರೈವರಿನಿಂದ ಸರಿಹೋಗುವ ವಸ್ತುವೂ ಅಲ್ಲ. ಗುಂಡಿಯನ್ನು ತಪ್ಪು ಹದಕ್ಕೆ ತಿರುಗಿಸಿಟ್ಟು ಎಸೆದರೆ ಇದರಲ್ಲೂ ಹಕ್ಕಿಗೂಡು ಕಟ್ಟುತ್ತದೆ.

ಯಾರಿಗೆ ಯಾವುದು?

ತೂಕದಿಂದ ಆರಂಭಿಸುವುದು ಸರಿ. ಇಪ್ಪತ್ತು ಗ್ರಾಮಿಗೂ ಹೆಚ್ಚಿನ ಭಾರದ ಎರೆಯನ್ನು ದೂರ ಎಸೆಯುವವನಿಗೆ ಕೇಂದ್ರಾಪಗಾಮಿ ಬ್ರೇಕು ಒಪ್ಪುತ್ತದೆ. ಭಾರದ ಎರೆ ಗಾಳಿಯಲ್ಲಿ ಬೇಗ ಸೋಲುವುದಿಲ್ಲ, ಕೊನೆಯವರೆಗೂ ದಾರವನ್ನು ಬಿಗಿಯಾಗಿ ಎಳೆಯುತ್ತಲೇ ಇರುತ್ತದೆ. ಆರಂಭದ ರಭಸ ಒಂದನ್ನು ತಡೆದರೆ ಸಾಕು. ಹತ್ತು ಹದಿನೈದು ಗ್ರಾಮಿನ ಎರೆಗಳನ್ನು ಬದಲಿಸುತ್ತ, ಗಾಳಿ ಬೀಸುವ ಕೆರೆಯಂಗಳದಲ್ಲಿ ಎಸೆಯುವವನಿಗೆ ಹೊರಗಿನ ಗುಂಡಿಯ ಅಯಸ್ಕಾಂತದ ಬ್ರೇಕು ಅನುಕೂಲ. ಗಾಳಿ ತಿರುಗಿದರೆ ಗುಂಡಿ ತಿರುಗಿಸಿದರಾಯಿತು. ಐದಾರು ಗ್ರಾಮಿನ ಹಗುರ ಎರೆಗೆ ಬ್ರೇಕಿಗಿಂತ ಉರುಳೆಯ ತೂಕವೇ ಮುಖ್ಯ. ಹಗುರ ಎರೆ ಭಾರದ ಉರುಳೆಯನ್ನು ತಿರುಗಿಸಲು ಹೆಣಗಬೇಕು, ತಿರುಗಿಸಿದ ಮೇಲೆ ಅದನ್ನು ನಿಲ್ಲಿಸಲೂ ಕಷ್ಟ. ಅಂಥವರು ಹಗುರವಾದ, ಆಳ ಕಡಿಮೆಯಿರುವ ಉರುಳೆಯ ರೀಲನ್ನು ಹುಡುಕಬೇಕು. ಇಲ್ಲವೇ ತಿರುಗದ ಉರುಳೆಯ ರೀಲಿಗೇ ಶರಣಾಗಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನು ಕೈ. ಕೆಲವರು ಕೋಲನ್ನು ತಟ್ಟನೆ ಝಾಡಿಸಿ ಎಸೆಯುತ್ತಾರೆ. ಅವರ ಉರುಳೆ ಒಮ್ಮೆಲೇ ಮೇಲಿನ ವೇಗಕ್ಕೆ ಏರುತ್ತದೆ, ಅವರಿಗೆ ಆರಂಭದಲ್ಲಿ ಹಿಡಿಯುವ ಬ್ರೇಕು ಬೇಕು. ನಿಧಾನವಾಗಿ, ಕೋಲು ತಾನೇ ಬಾಗಿ ಚಿಮ್ಮುವಂತೆ ಎಸೆಯುವವರಿಗೆ ಯಾವ ಬ್ರೇಕಾದರೂ ನಡೆಯುತ್ತದೆ. ಹೊಸಬ ಯಾವ ರೀಲನ್ನೇ ಕೊಳ್ಳಲಿ, ಮೊದಲು ಬ್ರೇಕನ್ನು ಪೂರ್ಣ ಬಿಗಿಯಲ್ಲಿಟ್ಟು ಒಂದೊಂದೇ ಅಂಕಿ ಸಡಿಲಿಸುತ್ತ ಬರುವುದು ಕ್ಷೇಮ. ದಾರವೂ ಮುಖ್ಯ. ಮೊದಮೊದಲು ಸಾಧಾರಣ ದಪ್ಪದ ನೈಲಾನ್ ದಾರವೇ ಸಾಕು, ಹೆಣೆದ ತೆಳು ದಾರ ಸಿಕ್ಕಾದರೆ ಬಿಡಿಸುವುದು ಕಷ್ಟ. ಉರುಳೆಯ ಅಂಚಿನವರೆಗೆ ದಾರ ತುಂಬಲೂಬಾರದು.

ಕಲಿಯುವುದಕ್ಕೆ ನದಿಯೇ ಬೇಕಿಲ್ಲ. ಶಾಲೆಯ ಮೈದಾನ ಸಾಕು. ಕೊಕ್ಕೆ ತೆಗೆದು ಬರಿಯ ತೂಕ ಕಟ್ಟಿ ಎಸೆದು ನೋಡಬಹುದು. ಒಂದು ಎಸೆತಕ್ಕೆ ಬೇಕಾದಷ್ಟು ದಾರ ಎಳೆದು ಬಿಟ್ಟು, ಉರುಳೆಯಲ್ಲಿ ಉಳಿದ ದಾರದ ಮೇಲೆ ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿದರೆ ಸಿಕ್ಕು ಅದಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಸಿಕ್ಕು ಬಿದ್ದರೆ ಎಳೆದಾಡಬಾರದು. ಉರುಳೆಯನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿ ದಾರವನ್ನು ಮೆಲ್ಲಗೆ ಎಳೆದರೆ, ಎಷ್ಟೋ ಸಲ ಕುಣಿಕೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಗಂಟಿನ ಬೆಲೆ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಒಂದು ಹವ್ಯಾಸಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಗಂಟಿನ ಬೆಲೆ ತೆರುವವನು ಗಾಳಗಾರ ಒಬ್ಬನೇ ಆಗಿದ್ದರೆ ಆ ಮಾತು ಸರಿ. ಭಾರದ ಎರೆ ಹಾರುತ್ತಿರುವಾಗ ಉರುಳೆ ಸಿಕ್ಕಿಕೊಂಡು ನಿಂತರೆ ದಾರ ಪಟ್ಟನೆ ಹರಿದು, ಕೊಕ್ಕೆಯ ಸಮೇತ ಎರೆ ಎಲ್ಲಿಗೋ ಹೋಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಅಪಾಯ. ಬಿಡಿಸಲಾರದ ಸಿಕ್ಕನ್ನು ಕತ್ತರಿಸಿ ದಂಡೆಯಲ್ಲಿ ಎಸೆದು ಹೋದರೆ ನೈಲಾನು ಬೇಗ ಕೊಳೆಯುವ ವಸ್ತುವಲ್ಲ. ಅದರಲ್ಲಿ ಕಾಲು ಸಿಕ್ಕಿಸಿಕೊಂಡ ಕೊಕ್ಕರೆ ಬಿಡಿಸಿಕೊಳ್ಳಲಾರದು. ಎಲ್ಲಕ್ಕಿಂತ ಮೋಸದ್ದು, ಬಿಡಿಸಿದಂತೆ ಕಂಡು ಒಳಪದರದಲ್ಲಿ ಉಳಿದುಬಿಟ್ಟ ಮಡಿಕೆ. ಅಲ್ಲಿ ದಾರ ಜಜ್ಜಿರುತ್ತದೆ. ದೊಡ್ಡ ಮೀನು ಎಳೆದಾಗ ಹರಿಯುವುದು ಅಲ್ಲೇ. ಮೀನು ತಪ್ಪಿಸಿಕೊಂಡಿತೆಂದು ಜನ ಹೇಳುತ್ತಾರೆ. ನಿಜಕ್ಕೂ ಅದು ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಹತ್ತಾರು ಮೀಟರು ದಾರವನ್ನೂ ಎಳೆದುಕೊಂಡು ಹೋಗಿರುತ್ತದೆ. ಆ ದಾರ ಬಂಡೆಯ ಸಂದಿಗೆ ಸಿಕ್ಕಿದರೆ ಮುಂದಿನ ಕಥೆ ಹೇಳಬೇಕಿಲ್ಲ.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ತೂಕವಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋಗೂ ಮಿಕ್ಕಿದ ಮಹಸೀರ್ ಮೀನನ್ನು ಗಾಳದಲ್ಲಿ ಹಿಡಿದದ್ದು ಪ್ರಸಿದ್ಧ ದಾಖಲೆ. ಮುಂದಿನ ದಶಕಗಳಲ್ಲಿ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳಲ್ಲಿ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಗಾಳದ ಶಿಬಿರಗಳು ನಡೆದವು. ಅಲ್ಲಿನ ಮೆಚ್ಚಿನ ಎರೆ ರಾಗಿ ಹಿಟ್ಟಿನ ಮುದ್ದೆ. ಮುದ್ದೆಗೆ ಜೊತೆಯಾಗಿ ಸೀಸದ ತೂಕ, ಎಸೆಯಲು ಗಟ್ಟಿಮುಟ್ಟಾದ ತಿರುಗುವ ಉರುಳೆಯ ರೀಲು. ಭಾರದ ಎರೆ, ಬಂಡೆಗಳ ನಡುವಿನ ಸೆಳವು, ಅರ್ಧ ಕ್ವಿಂಟಾಲಿಗೂ ಬೆಳೆಯಬಲ್ಲ ಮೀನು: ಬ್ರೇಕಿನ ಹದ ತಪ್ಪಿದರೆ ಏನಾಗುತ್ತದೆಂದು ಅಲ್ಲಿನ ಗಾಳಗಾರರಿಗೆ ಪಾಠ ಹೇಳಬೇಕಿರಲಿಲ್ಲ. ವನ್ಯಜೀವಿಧಾಮದೊಳಗಿನ ಆ ಆಟ ಮುಂದೆ ಕಾನೂನಿನ ಕಾರಣದಿಂದ ನಿಂತಿತು. ಕಾವೇರಿಯ ಗೂನುಬೆನ್ನಿನ ಮಹಸೀರ್ ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿ ‘ಟಾರ್ ರೇಮದೇವಿಯೈ’ ಎಂಬ ಹೆಸರಿನಡಿ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ಇಂದು ರಾಜ್ಯದಲ್ಲಿ ಯಾವುದೇ ನದಿಗೆ ಗಾಳ ಹಾಕುವ ಮೊದಲು ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳ ನಿಯಮವನ್ನು ಕೇಳಿ ತಿಳಿಯುವುದು ಅಗತ್ಯ. ಅನುಮತಿ ಇರುವ ಕೆರೆ ಕೊಳಗಳಲ್ಲೂ ಮೀನಿನ ಬಾಯಲ್ಲಿ ಕೊಕ್ಕೆ ಬಿಟ್ಟು ಬರದಂತೆ ನೋಡಿಕೊಳ್ಳುವುದು ಗಾಳಗಾರನ ಹೊಣೆ.

ಹಾಗಾಗಿ ರೀಲು ಕೊಳ್ಳಲು ಹೋಗುವವನು ಅಂಗಡಿಯವನ ಪ್ರಶ್ನೆಗೆ ಉತ್ತರಿಸುವ ಮೊದಲು ತನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಎಷ್ಟು ಗ್ರಾಮಿನ ಎರೆ? ಎಂಥ ಗಾಳಿ? ಎಂಥ ಕೈ? ಉತ್ತರ ಸಿಕ್ಕರೆ ಬ್ರೇಕಿನ ಆಯ್ಕೆ ತಾನಾಗಿ ಆಗುತ್ತದೆ. ಉಳಿದ ಹಣವನ್ನು ಒಳ್ಳೆಯ ದಾರಕ್ಕೆ ಹಾಕಬಹುದು. ಎರೆ ನೀರು ಮುಟ್ಟುವ ಕ್ಷಣವನ್ನು ಕಣ್ಣಿಂದ ನೋಡಿ ಉರುಳೆಯನ್ನು ನಿಲ್ಲಿಸುವ ಕೆಲಸವನ್ನು ಮಾತ್ರ ಯಾವ ಬ್ರೇಕಿಗೂ ಪೂರ್ತಿಯಾಗಿ ಒಪ್ಪಿಸಿಬಿಡುವಂತಿಲ್ಲ. ಕೆಂಟಕಿಯ ಗಡಿಯಾರದವನ ಕಾಲದಲ್ಲಿ ಆ ಕೆಲಸ ಹೆಬ್ಬೆರಳಿನದಾಗಿತ್ತು, ಗಣಕದ ಕಾಲದಲ್ಲೂ ಅದರದೇ. ಹೆಬ್ಬೆರಳು ಪಳಗುವ ತನಕ ಮೈದಾನದಲ್ಲಿ ನಾಲ್ಕು ಸಂಜೆ ಬರಿಯ ತೂಕ ಎಸೆದು ಬಂದವನು ಅತಿ ದುಬಾರಿ ರೀಲು ಕೊಂಡವನಿಗಿಂತ ಮೊದಲು ಮೀನು ಹಿಡಿದಾನು.